ಹೊಳೆ ದಾಟಿದ ದಿಬ್ಬಣ, ಕಡಲು ಕಂಡ ಮದುವೆ

ಪುಷ್ಪಗಿರಿಯ ಬೆಟ್ಟಸಾಲಿನಲ್ಲಿ ಹುಟ್ಟುವ ಕುಮಾರಧಾರಾ ನದಿ ನಮ್ಮ ಆಲಂಕಾರಿನ ಮಗ್ಗುಲಲ್ಲೇ ಹರಿದು, ಉಪ್ಪಿನಂಗಡಿಯಲ್ಲಿ ನೇತ್ರಾವತಿಯನ್ನು ಕೂಡಿಕೊಂಡು, ಮಂಗಳೂರಿನಲ್ಲಿ ಅರಬಿ ಸಮುದ್ರವನ್ನು ಸೇರುತ್ತದೆ. ಊರಿನ ನೀರು ಕಡಲಿಗೆ ಹೋಗುತ್ತದೆ, ಊರಿನ ಗಂಡಸರು ಕಡಲಾಚೆಗೆ ಹೋಗುತ್ತಾರೆ. ಆದರೆ ಊರಿನ ಹೆಂಗಸರಲ್ಲಿ ಹೆಚ್ಚಿನವರು ಪಣಂಬೂರು ಅಥವಾ ಉಳ್ಳಾಲದ ದಡದಲ್ಲಿ ನಿಂತು ಪಾದ ಒದ್ದೆ ಮಾಡಿಕೊಂಡು ಬಂದದ್ದು ಬಿಟ್ಟರೆ ಕಡಲನ್ನು ಕಂಡವರಲ್ಲ.

ಆಲಂಕಾರು ಉಪ್ಪಿನಂಗಡಿ–ಕಡಬ ರಸ್ತೆಯಲ್ಲಿರುವ ಒಂದು ಪೇಟೆ. ಮೊದಲು ಪುತ್ತೂರು ತಾಲೂಕಿಗೆ ಸೇರಿತ್ತು, ಈಗ ಕಡಬ ತಾಲೂಕಿನಲ್ಲಿದೆ. ಸುತ್ತ ಅಡಿಕೆ ತೋಟ, ರಬ್ಬರ್ ಗುಡ್ಡ, ನಡುವೆ ಅಂಗಡಿ ಸಾಲು, ಶಾಲೆ, ದೇವಸ್ಥಾನ, ಮಸೀದಿ. ಇಲ್ಲಿ ಒಂದೇ ಅಂಗಡಿಯ ಕಟ್ಟೆಯ ಮೇಲೆ ತುಳು, ಕನ್ನಡ, ಬ್ಯಾರಿ, ಮಲಯಾಳ ನಾಲ್ಕೂ ಕೇಳಿಸುತ್ತವೆ. ಪೇಟೆಯಿಂದ ಕೆಳಗಿಳಿದರೆ ಶಾಂತಿಮೊಗರು. ಈಗ ಅಲ್ಲಿ ಸೇತುವೆಯಿದೆ, ಕುದ್ಮಾರು ಕಡೆಗೆ ಬಸ್ಸು, ಲಾರಿಗಳು ಓಡಾಡುತ್ತವೆ. ಸೇತುವೆ ಆಗುವ ಮೊದಲು ಆಚೆ ದಡಕ್ಕೆ ಹೋಗಬೇಕಾದವರಿಗೆ ದೋಣಿಯೇ ಗತಿಯಾಗಿತ್ತು. ಮಳೆಗಾಲದಲ್ಲಿ ಹೊಳೆ ಕೆಂಪಾಗಿ ಉಕ್ಕಿದರೆ ಅದೂ ಇಲ್ಲ. ಹತ್ತಿರದ ಸಂಬಂಧಿಕರ ಮನೆಗೆ ಸುತ್ತು ಬಳಸಿ ಹೋಗಬೇಕಿತ್ತು.

ಆ ಕಾಲದಲ್ಲಿ ದಿಬ್ಬಣವೂ ದೋಣಿಯಲ್ಲೇ ಹೊಳೆ ದಾಟುತ್ತಿತ್ತು. ನಮ್ಮ ನೆರೆಮನೆಯಲ್ಲಿ ಎಂಬತ್ತು ದಾಟಿದ ಒಬ್ಬರು ಅಜ್ಜಿಯಿದ್ದಾರೆ. ಅವರು ಮದುಮಗಳಾಗಿ ಈ ಊರಿಗೆ ಬಂದದ್ದು ಹಾಗೆಯೇ. ಮೊದಲ ದೋಣಿಯಲ್ಲಿ ಗಂಡಸರು, ಎರಡನೆಯದರಲ್ಲಿ ಮದುಮಗಳು ಮತ್ತು ಹೆಂಗಸರು, ಮೂರನೆಯದರಲ್ಲಿ ಮರದ ಪೆಟ್ಟಿಗೆ, ಚಾಪೆ, ತಾಮ್ರದ ಪಾತ್ರೆ. "ತಲೆಯ ಮೇಲೆ ಬಟ್ಟೆ ಎಳೆದು ಕೂರಿಸಿದ್ದರು. ನನಗೆ ಹೊಳೆ ಕಾಣಲೇ ಇಲ್ಲ, ದೋಣಿಯ ಅಡಿಯಲ್ಲಿ ನಿಂತಿದ್ದ ನೀರು ಮಾತ್ರ ಕಂಡಿತು" ಎಂದು ಅವರು ಹೇಳುವುದುಂಟು.

ಕಡಲಿನ ಪ್ರಯಾಣವೂ ನಮ್ಮ ಹಿರಿಯರಿಗೆ ಹೊಸತಲ್ಲ. ಹಜ್ಜ್‌ಗೆ ಹೋಗುವವರು ಮುಂಬೈಗೆ ಹೋಗಿ ಅಲ್ಲಿಂದ ಜಿದ್ದಾಕ್ಕೆ ಹಡಗು ಹತ್ತುತ್ತಿದ್ದ ಕಾಲವೊಂದಿತ್ತು. ಮೊಗಲ್ ಲೈನ್ ಕಂಪೆನಿಯ ಅಕ್ಬರಿಯಂತಹ ಹಡಗುಗಳ ಹೆಸರು ಹಳೆಯ ಹಾಜಿಗಳ ಬಾಯಲ್ಲಿ ಬರುತ್ತಿತ್ತು. 1995ರಲ್ಲಿ ಭಾರತದಿಂದ ಹಜ್ ಹಡಗುಯಾನ ನಿಂತು ಎಲ್ಲರೂ ವಿಮಾನದಲ್ಲಿ ಹೋಗುವಂತಾಯಿತು. ಹಡಗೆಂದರೆ ಅವರಿಗೆ ಇಬಾದತ್‌ನ ದಾರಿ, ಹಲವು ದಿನಗಳ ವಾಂತಿ, ಕಾಯುವಿಕೆ ಮತ್ತು ದುಆ. ಹಡಗೆಂಬುದು ಮದುವೆಯ ಚಪ್ಪರವಾಗಬಹುದೆಂದು ಅವರಾರೂ ಎಣಿಸಿರಲಾರರು.

ಮೊಬೈಲಿನಲ್ಲಿ ಬಂದ ಹಡಗು

2024ರ ಮೇ 29ರಿಂದ ಜೂನ್ 1ರವರೆಗೆ ಅಂಬಾನಿ ಕುಟುಂಬದವರು ತಮ್ಮ ಕಿರಿಯ ಮಗನ ಮದುವೆಯ ಮುಂಚಿನ ಸಮಾರಂಭವನ್ನು 'ಸೆಲೆಬ್ರಿಟಿ ಅಸೆಂಟ್' ಎಂಬ ಭಾರೀ ವಿಹಾರ ಹಡಗಿನಲ್ಲಿ ನಡೆಸಿದರು. ಇಟಲಿಯ ಪಲೆರ್ಮೊದಿಂದ ಹೊರಟು ಫ್ರಾನ್ಸಿನ ದಕ್ಷಿಣ ಕರಾವಳಿಯವರೆಗೆ ಹೋದ ಆ ಹಡಗಿನಲ್ಲಿ ಸುಮಾರು 800 ಅತಿಥಿಗಳಿದ್ದರೆಂದು ಪತ್ರಿಕೆಗಳು ಬರೆದವು. ಅದರ ದೃಶ್ಯಗಳು ನಮ್ಮ ಹಳ್ಳಿಯ ಮೊಬೈಲುಗಳಿಗೂ ಬಂದು ತಲುಪಿದವು. ನೋಡಿದೆವು, ಮಸಾಲೆ ಅರೆಯುವ ಕೆಲಸಕ್ಕೆ ಮರಳಿದೆವು.

ಆದರೆ ನಮ್ಮ ನೆರೆಮನೆಯಲ್ಲಿ ಅದು ಅಷ್ಟಕ್ಕೇ ಮುಗಿಯಲಿಲ್ಲ. ಆ ಅಜ್ಜಿಯ ಮೊಮ್ಮಗಳಿಗೆ ಮದುವೆ ಗೊತ್ತಾಗಿತ್ತು. ಹುಡುಗಿ ನನ್ನ ಹಳೆಯ ವಿದ್ಯಾರ್ಥಿನಿ. ತಂದೆಗೆ ಪೇಟೆಯಲ್ಲಿ ಒಂದು ಸಣ್ಣ ದಿನಸಿ ಅಂಗಡಿ, ಸ್ವಲ್ಪ ಅಡಿಕೆ ತೋಟ. ವರನ ಮನೆಯವರು ಮೂಲತಃ ಉಪ್ಪಿನಂಗಡಿ ಕಡೆಯವರಾದರೂ ಬಹಳ ವರ್ಷಗಳಿಂದ ಶಾರ್ಜಾದಲ್ಲಿ ನೆಲೆಸಿದವರು. ವರನ ಅಣ್ಣ ಫೋನಿನಲ್ಲಿ ಒಂದು ಸೂಚನೆ ಇಟ್ಟರು: "ಮದುವೆಯನ್ನು ಹಡಗಿನಲ್ಲಿ ಇಟ್ಟುಕೊಂಡರೆ ಹೇಗೆ? ಖರ್ಚು ನಮ್ಮದು."

ಹುಡುಗಿಯ ತಾಯಿ ಅದೇ ಸಂಜೆ ನಮ್ಮ ಮನೆಗೆ ಬಂದರು. "ಟೀಚರ್, ಹಡಗಿನಲ್ಲಿ ನಿಕಾಹ್ ಆಗುತ್ತದಾ?" ಎಂದು ಕೇಳಿದರು. ಅವರಿಗೆ ಬೇಡವೆನ್ನಲು ಧೈರ್ಯವಿರಲಿಲ್ಲ, ಬೇಕೆನ್ನಲು ಮನಸ್ಸಿರಲಿಲ್ಲ. ಹೆಣ್ಣು ಹೆತ್ತವರ ಆ ಕಷ್ಟ ಓದುಗ ಸಹೋದರಿಯರಿಗೆ ಬಿಡಿಸಿ ಹೇಳಬೇಕಾಗಿಲ್ಲ. ಹಾಗಾಗಿ ಒಂದೊಂದೇ ವಿಷಯವನ್ನು ಕೂತು ವಿಚಾರಿಸಿದೆವು. ಆಗ ತಿಳಿದದ್ದನ್ನು ಇಲ್ಲಿ ಬರೆಯುತ್ತಿದ್ದೇನೆ. ಏಕೆಂದರೆ ಇಂದು ಒಂದು ಮನೆಗೆ ಬಂದ ಫೋನು ನಾಳೆ ಇನ್ನೊಂದು ಮನೆಗೂ ಬರಬಹುದು.

ನಿಕಾಹ್‌ಗೆ ನೆಲ ಬೇಕೇ?

ನಿಕಾಹ್ ಸಿಂಧುವಾಗಲು ಬೇಕಾದದ್ದು ವಧುವಿನ ವಲಿ, ಇಬ್ಬರು ಸಾಕ್ಷಿಗಳು, ವರ, ವಧುವಿನ ಒಪ್ಪಿಗೆ ಮತ್ತು ಈಜಾಬ್–ಖಬೂಲ್‌ನ ಮಾತುಗಳು. ಮಹ್ರ್ ವಧುವಿನ ಹಕ್ಕು. ಇದರಲ್ಲೆಲ್ಲೂ ಸ್ಥಳದ ಷರತ್ತಿಲ್ಲ. ಮಸೀದಿಯಲ್ಲಾಗಲಿ, ಮನೆಯ ಜಗಲಿಯಲ್ಲಾಗಲಿ, ತೇಲುವ ಹಡಗಿನಲ್ಲಾಗಲಿ ಈ ವಿಷಯಗಳು ಪೂರ್ತಿಯಾದರೆ ನಿಕಾಹ್ ನಿಕಾಹೇ. ಆದ್ದರಿಂದ ಆ ತಾಯಿಯ ಮೊದಲ ಪ್ರಶ್ನೆಗೆ ಉತ್ತರ ಸುಲಭವಾಗಿತ್ತು: ಆಗುತ್ತದೆ.

ಸಿನಿಮಾಗಳಲ್ಲಿ ಹಡಗಿನ ಕಪ್ತಾನನೇ ಮದುವೆ ಮಾಡಿಸುವುದನ್ನು ನೋಡಿದ್ದೇವೆ. ಅದು ಎಲ್ಲ ಹಡಗುಗಳಿಗೂ ಅನ್ವಯಿಸುವ ಮಾತಲ್ಲ. ಹಡಗು ಯಾವ ದೇಶದಲ್ಲಿ ನೋಂದಣಿಯಾಗಿದೆಯೋ ಆ ದೇಶದ ಕಾನೂನು ಅನುಮತಿಸಿದರೆ ಮಾತ್ರ ಕಪ್ತಾನನಿಗೆ ಆ ಅಧಿಕಾರ. ಪ್ರಸಿದ್ಧವಾದ ಕ್ಯೂನಾರ್ಡ್ ಕಂಪೆನಿಯು 2011ರಲ್ಲಿ ತನ್ನ ಹಡಗುಗಳ ನೋಂದಣಿಯನ್ನು ಇಂಗ್ಲೆಂಡಿನ ಸೌತಾಂಪ್ಟನ್‌ನಿಂದ ಬರ್ಮುಡಾದ ಹ್ಯಾಮಿಲ್ಟನ್‌ಗೆ ಬದಲಾಯಿಸಿತು. ಬ್ರಿಟಿಷ್ ಕಾನೂನಿನಲ್ಲಿ ಇಲ್ಲದ, ಕಡಲಿನಲ್ಲಿ ಮದುವೆ ಮಾಡಿಸುವ ಅವಕಾಶ ಬರ್ಮುಡಾದಲ್ಲಿ ಇದ್ದದ್ದು ಅದಕ್ಕೆ ಒಂದು ಕಾರಣ. ನಮಗೆ ಕಪ್ತಾನನ ಅಗತ್ಯವಿಲ್ಲ, ನಿಕಾಹ್ ನಡೆಸಿಕೊಡಲು ಉಸ್ತಾದರಿದ್ದಾರೆ. ಆದರೆ ನೋಂದಣಿಯ ಪ್ರಶ್ನೆ ಉಳಿಯುತ್ತದೆ.

ನಮ್ಮಲ್ಲಿ ವರನ ಜಮಾಅತಿನಿಂದ ಪತ್ರ ಬಂದ ಮೇಲೆ ವಧುವಿನ ಜಮಾಅತಿನವರು ನಿಕಾಹ್ ನಡೆಸಿ ದಫ್ತರಿನಲ್ಲಿ ಬರೆಯುತ್ತಾರೆ. ಮುಂದೆ ವೀಸಾ ಮಾಡಲು ಸರಕಾರಿ ದಾಖಲೆಯೂ ಬೇಕು. 2006ರಲ್ಲಿ ಸುಪ್ರೀಂ ಕೋರ್ಟು ಎಲ್ಲ ಧರ್ಮದವರ ಮದುವೆಯನ್ನೂ ನೋಂದಾಯಿಸಬೇಕೆಂದು ಹೇಳಿದೆ. ಕೇರಳದಲ್ಲಿ 2008ರ ನಿಯಮದಂತೆ ಮದುವೆ ಎಲ್ಲಿ ನಡೆಯಿತೋ ಅಲ್ಲಿಯ ಪಂಚಾಯತ್ ಅಥವಾ ನಗರಸಭೆಯಲ್ಲಿ 45 ದಿನದೊಳಗೆ ನೋಂದಾಯಿಸಬೇಕು. ಇನ್ನು ನಡುಗಡಲಿನಲ್ಲಿ ಮದುವೆಯಾದರೆ ಅದು ಯಾವ ಪಂಚಾಯತ್? ದಡದಿಂದ 12 ನಾಟಿಕಲ್ ಮೈಲಿ, ಅಂದರೆ ಸುಮಾರು 22 ಕಿ.ಮೀ.ವರೆಗಿನ ನೀರು ಮಾತ್ರ ದೇಶದ ಗಡಿಯೊಳಗೆ ಬರುತ್ತದೆ. ಅದಕ್ಕಿಂತ ಆಚೆ ಹಡಗು ಯಾವ ದೇಶದ ಬಾವುಟ ಹಾರಿಸುತ್ತಿದೆ ಎಂಬುದು ಮುಖ್ಯವಾಗುತ್ತದೆ. ಗಂಡನೊಡನೆ ಶಾರ್ಜಾಕ್ಕೆ ಹೋಗಬೇಕಾದ ಹುಡುಗಿಯ ಕಾಗದಪತ್ರದಲ್ಲಿ ಇಂತಹ ಗೊಂದಲ ಯಾಕೆ ಬೇಕು? ಹಡಗು ದಡಕ್ಕೆ ಕಟ್ಟಿರುವಾಗಲೇ ನಿಕಾಹ್ ಮಾಡಿ ಆಮೇಲೆ ಹೊರಡುವುದು ಒಂದು ದಾರಿ. ಊರಿನ ಮಸೀದಿಯಲ್ಲೇ ಮಾಡುವುದು ಇನ್ನೊಂದು ದಾರಿ.

ಯಾವ ಹಡಗು, ಯಾವ ತಿಂಗಳು?

ವರನ ಅಣ್ಣನ ಮನಸ್ಸಿನಲ್ಲಿ ಮೂರು ಯೋಚನೆಗಳಿದ್ದವು. ಮೊದಲನೆಯದು ದುಬೈಯ ಕ್ಯೂಇ–2. 1967ರಲ್ಲಿ ನೀರಿಗಿಳಿದ ಈ ಬ್ರಿಟಿಷ್ ಹಡಗನ್ನು ದುಬೈಯವರು 2007ರಲ್ಲಿ ಖರೀದಿಸಿ, 2018ರಲ್ಲಿ ಹೋಟೆಲಾಗಿ ತೆರೆದರು. ಅದು ರಾಶಿದ್ ಬಂದರಿನಲ್ಲಿ ನಿಂತೇ ಇರುತ್ತದೆ. ಅಲ್ಲಿ ಮದುವೆಗಳೂ ನಡೆಯುತ್ತವೆ. ಆದರೆ ಅಲ್ಲಿಗೆ ಹೋಗಲು ಹುಡುಗಿಯ ಕಡೆಯ ಪ್ರತಿಯೊಬ್ಬರಿಗೂ ಪಾಸ್‌ಪೋರ್ಟು, ವೀಸಾ, ವಿಮಾನದ ಟಿಕೆಟು ಬೇಕು. ಅಜ್ಜಿಗೆ ಪಾಸ್‌ಪೋರ್ಟೇ ಇಲ್ಲ. ಅದು ಅಲ್ಲಿಗೇ ನಿಂತಿತು.

ಎರಡನೆಯದು ಮುಂಬೈಯಿಂದ ಹೊರಡುವ ದೊಡ್ಡ ವಿಹಾರ ಹಡಗು. 2021ರ ಸೆಪ್ಟೆಂಬರಿನಲ್ಲಿ ಕಾರ್ಡೇಲಿಯಾ ಕಂಪೆನಿಯ 'ಎಂಪ್ರೆಸ್' ಹಡಗು ಮುಂಬೈಯಿಂದ ಯಾನ ಆರಂಭಿಸಿದ ನಂತರ ಗೋವಾ, ಲಕ್ಷದ್ವೀಪದ ಕಡೆಗೆ ಹಡಗಿನಲ್ಲಿ ಹೋಗಿಬರುವುದು ನಮ್ಮ ದೇಶದಲ್ಲೂ ಸಾಧ್ಯವಾಗಿದೆ. ಇಂತಹ ಹಡಗೆಂದರೆ ಹತ್ತು ಅಂತಸ್ತಿನ ಹೋಟೆಲು ನೀರಿನ ಮೇಲೆ ಚಲಿಸಿದಂತೆ. ಕೋಣೆಗೆ ಇಂತಿಷ್ಟೆಂದು ಹಣ ಕೊಟ್ಟು ನಮ್ಮವರನ್ನು ಕರೆದೊಯ್ಯಬಹುದು. ಆದರೆ ಇಡೀ ಹಡಗು ನಮ್ಮದಲ್ಲ. ಒಂದು ಕಡೆ ನಮ್ಮ ಮದುವೆ, ಇನ್ನೊಂದು ಕಡೆ ಮದ್ಯದ ಬಾರು, ಮತ್ತೊಂದು ಕಡೆ ಜೂಜಿನ ಕೋಣೆ. ಹುಡುಗಿಯ ತಂದೆ ಇದನ್ನು ಕೇಳಿ, "ಅದು ಬೇಡ" ಎಂದು ಒಂದೇ ಮಾತಿನಲ್ಲಿ ಹೇಳಿದರು. ಈ ಇಡೀ ಪ್ರಕರಣದಲ್ಲಿ ಅವರು ಗಟ್ಟಿಯಾಗಿ ಹೇಳಿದ ಮೊದಲ ಮಾತು ಅದು. ಶಾರ್ಜಾದವರೂ ಮರುಮಾತಿಲ್ಲದೆ ಒಪ್ಪಿದರು.

ಪಣಂಬೂರಿನ ನವಮಂಗಳೂರು ಬಂದರಿಗೂ ವಿದೇಶದ ವಿಹಾರ ಹಡಗುಗಳು ಬರುತ್ತವೆ. ಅದರಲ್ಲಿ ಬಂದವರು ಹಗಲು ಮೂಡಬಿದಿರೆ, ಕಾರ್ಕಳ, ಕದ್ರಿ ನೋಡಿ ಸಂಜೆ ಅದೇ ಹಡಗಿನಲ್ಲಿ ಮುಂದಿನ ಊರಿಗೆ ಹೊರಡುತ್ತಾರೆ. ಅದು ನಮಗೆ ಹತ್ತಲು ಬರುವ ಹಡಗಲ್ಲ.

ಮೂರನೆಯದು ಕೊಚ್ಚಿ. ಅಲ್ಲಿ ಒಂದು ದಿನಕ್ಕೋ ಕೆಲವು ಗಂಟೆಗಳಿಗೋ ಪೂರ್ತಿಯಾಗಿ ಬಾಡಿಗೆಗೆ ಸಿಗುವ ವಿಹಾರ ನೌಕೆಗಳಿವೆ. ಕೇರಳ ಸರಕಾರದ ಒಳನಾಡು ಜಲಸಾರಿಗೆ ನಿಗಮದ 'ನೆಫರ್ಟಿಟಿ' ಎಂಬ, ಈಜಿಪ್ಟಿನ ಮಾದರಿಯ ಚಿತ್ರಗಳಿರುವ ನೌಕೆ 2018ರಿಂದ ಓಡುತ್ತಿದ್ದು, ಅದರಲ್ಲಿ 200 ಜನ ಕೂರಬಹುದು. ಖಾಸಗಿಯವರದ್ದೂ ಬೇಕಾದಷ್ಟಿವೆ. ಇಡೀ ನೌಕೆ ನಮ್ಮದೇ ಆಗುವುದರಿಂದ ಊಟ, ಪರ್ದಾ, ನಮಾಝ್ ಎಲ್ಲವನ್ನೂ ನಮಗೆ ಬೇಕಾದಂತೆ ಏರ್ಪಡಿಸಬಹುದು.

ಆಮೇಲೆ ತಿಂಗಳಿನ ಪ್ರಶ್ನೆ. ಗಲ್ಫಿನವರಿಗೆ ಮಕ್ಕಳ ಶಾಲೆಯ ದೊಡ್ಡ ರಜೆ ಜುಲೈ, ಆಗಸ್ಟ್. ನಮ್ಮ ಕಡಲು ಅತ್ಯಂತ ಒರಟಾಗಿರುವುದೂ ಅದೇ ಸಮಯದಲ್ಲಿ. ಜೂನ್ ಮತ್ತು ಜುಲೈಯಲ್ಲಿ ಕರ್ನಾಟಕದ ಕರಾವಳಿಯಲ್ಲಿ ಯಾಂತ್ರಿಕ ದೋಣಿಗಳ ಮೀನುಗಾರಿಕೆಯನ್ನೇ 61 ದಿನ ನಿಲ್ಲಿಸುತ್ತಾರೆ. ಮೀನುಗಾರರೇ ಇಳಿಯದ ಕಡಲಿಗೆ ಮದುಮಗಳನ್ನು ಇಳಿಸುವುದುಂಟೇ? ಹಾಗಾಗಿ ಡಿಸೆಂಬರಿನ ಚಳಿಗಾಲದ ರಜೆಯೇ ಸರಿಯೆಂದಾಯಿತು. ಅದರಲ್ಲೂ ಆ ವರ್ಷ ಫೆಂಗಲ್ ಚಂಡಮಾರುತದ ಮಳೆ ಡಿಸೆಂಬರಿನ ಮೊದಲ ವಾರ ನಮ್ಮ ಜಿಲ್ಲೆಗೂ ಬಂದು, 3ನೇ ತಾರೀಕು ಶಾಲೆಗಳಿಗೆ ರಜೆ ಕೊಟ್ಟಾಗ ಎರಡೂ ಮನೆಯವರಿಗೆ ನಿದ್ದೆ ಬರಲಿಲ್ಲ.

ಇನ್ನೂರು ಕುರ್ಚಿ

ಇಷ್ಟೆಲ್ಲ ಕೂಡಿ ಬಂದ ಮೇಲೆ ನಿಜವಾದ ಕಷ್ಟ ಎದುರಾಯಿತು. ನೌಕೆಯಲ್ಲಿ 200 ಕುರ್ಚಿ. ಹುಡುಗಿಯ ತಂದೆ ಕರೆಯಬೇಕಾದವರ ಪಟ್ಟಿ ಬರೆದರೆ ಜಮಾಅತಿನ ಮನೆಗಳೇ ಅದಕ್ಕಿಂತ ಹೆಚ್ಚು. ಅದರ ಮೇಲೆ ನೆಂಟರು, ಅಂಗಡಿಯ ಗಿರಾಕಿಗಳು, ತೋಟದ ಕೆಲಸದವರು, ಅಕ್ಕಪಕ್ಕದ ಹಿಂದೂ, ಕ್ರೈಸ್ತ ಮನೆಗಳು. ವರನ ಕಡೆಯವರು ಸೌಜನ್ಯದಿಂದಲೇ ಹೇಳಿದರು: "ನಮ್ಮವರು ನೂರೈವತ್ತು ಆಗುತ್ತಾರೆ. ನೀವು ಐವತ್ತು ಇಟ್ಟುಕೊಳ್ಳಿ."

ಮೂರು ರಾತ್ರಿ ಆ ಮನೆಯಲ್ಲಿ ಐವತ್ತು ಹೆಸರಿನ ಪಟ್ಟಿ ಬರೆದು ಹರಿದರು. ಒಬ್ಬ ಚಿಕ್ಕಪ್ಪನನ್ನು ಸೇರಿಸಿದರೆ ಇನ್ನೊಬ್ಬ ಚಿಕ್ಕಪ್ಪನನ್ನು ಬಿಡಬೇಕು. ಹೆರಿಗೆಯ ಸಮಯದಲ್ಲಿ ರಾತ್ರಿ ಜೀಪು ಮಾಡಿಕೊಂಡು ಪುತ್ತೂರಿನ ಆಸ್ಪತ್ರೆಗೆ ಕರೆದುಕೊಂಡು ಹೋದ ನೆರೆಮನೆಯ ಪೂಜಾರಿಯವರನ್ನು ಬಿಡುವುದು ಹೇಗೆ? ಹಾಗೆ ಹುಟ್ಟಿದ ಮಗುವೇ ಈಗ ಮದುಮಗಳು. ತಂದೆ ಕೊನೆಗೆ ಪೆನ್ನು ಕೆಳಗಿಟ್ಟು, "ಟೀಚರ್, ನಾನು ಬದುಕುವುದು ಈ ಪೇಟೆಯಲ್ಲಿ. ಹಡಗು ಸಂಜೆ ದಡಕ್ಕೆ ಬರುತ್ತದೆ. ಮರುದಿನ ಅಂಗಡಿಯ ಬಾಗಿಲು ತೆಗೆಯಬೇಕಾದವನು ನಾನು" ಎಂದರು.

ವಲೀಮಾದ ವಿಷಯದಲ್ಲಿ ಪ್ರವಾದಿ(ಸ)ರವರ ಬೋಧನೆ ನಮಗೆಲ್ಲ ಗೊತ್ತಿದೆ. ಒಂದೇ ಆಡಿನಿಂದಾದರೂ ಸರಿ, ವಲೀಮಾ ಕೊಡಬೇಕೆಂದು ಅವರು ತಮ್ಮ ಸಂಗಾತಿಯೊಬ್ಬರಿಗೆ ಹೇಳಿದ್ದರು. ಶ್ರೀಮಂತರನ್ನು ಕರೆದು ಬಡವರನ್ನು ಬಿಟ್ಟ ವಲೀಮಾದ ಊಟವನ್ನು ಅತ್ಯಂತ ಕೆಟ್ಟ ಊಟವೆಂದೂ ಎಚ್ಚರಿಸಿದ್ದರು. ಇಲ್ಲಿ ಬಡವರನ್ನು ಬಿಡಬೇಕೆಂಬ ಉದ್ದೇಶ ಯಾರಿಗೂ ಇರಲಿಲ್ಲ. ಆದರೆ ಕುರ್ಚಿಯ ಲೆಕ್ಕ ಅದೇ ಕೆಲಸವನ್ನು ಮಾಡುತ್ತಿತ್ತು. ಪಟ್ಟಿ ಕಿರಿದಾದಾಗ ಮೊದಲು ಬಿಟ್ಟುಹೋಗುವ ಹೆಸರು ಯಾರದೆಂದು ನೋಡಿದರೆ ಸಾಕು. ತೋಟದ ಕೆಲಸದವರದ್ದು ಮೂರೂ ಪಟ್ಟಿಯಲ್ಲಿ ಇರಲಿಲ್ಲ.

ಹಡಗು ಬೇಡವೇ ಬೇಡ ಎಂದು ಹೇಳಿಬಿಡೋಣವೆಂದು ಮನೆಯವರು ತೀರ್ಮಾನಿಸಿದ್ದರು. ಆಗ ಅಜ್ಜಿ ಒಂದು ಪ್ರಶ್ನೆ ಕೇಳಿದರು: "ಹುಡುಗಿಯನ್ನು ಕೇಳಿದಿರಾ?"

ಯಾರೂ ಕೇಳಿರಲಿಲ್ಲ. ವರನ ಬಗ್ಗೆ ಕೇಳಿದ್ದರು, ಮಹ್ರ್‌ನ ಬಗ್ಗೆ ಕೇಳಿದ್ದರು. ಹಡಗಿನ ಬಗ್ಗೆ ಎರಡು ತಿಂಗಳು ಮಾತಾಡಿದರೂ ಅವಳನ್ನು ಯಾರೂ ಕರೆದು ಕೂರಿಸಿರಲಿಲ್ಲ. ಅವಳು ಸ್ವಲ್ಪ ಹೊತ್ತು ಸುಮ್ಮನಿದ್ದು, "ನನಗೆ ಹಡಗಿನಲ್ಲಿ ಹೋಗಬೇಕು. ಆದರೆ ಉಮ್ಮ, ಅಜ್ಜಿ, ಮಾಮಿಯವರೆಲ್ಲ ಇರಬೇಕು. ನಾನೊಬ್ಬಳೇ ಬೆಲೆಬಾಳುವ ಬಟ್ಟೆ ಹಾಕಿ ಗೊತ್ತಿಲ್ಲದವರ ನಡುವೆ ಕೂರುವುದಾದರೆ ಬೇಡ" ಎಂದಳು. ಅವಳು ವಿಮಾನದಲ್ಲಿ ಹೋಗಿ ಕಡಲಿನಾಚೆ ಸಂಸಾರ ಹೂಡಬೇಕಾದವಳು. ಹೋಗುವ ಮೊದಲು ತನ್ನವರೊಡನೆ ಒಮ್ಮೆ ಕಡಲು ನೋಡಬೇಕೆಂಬ ಆಸೆ ಅವಳಿಗಿತ್ತು. ನಾವು ಅದನ್ನು ಶ್ರೀಮಂತಿಕೆಯ ಪ್ರಶ್ನೆಯೆಂದು ತಿಳಿದಿದ್ದೆವು. ಅವಳಿಗೆ ಅದು ಬೀಳ್ಕೊಡುಗೆಯ ಪ್ರಶ್ನೆಯಾಗಿತ್ತು.

ಅವಳ ಮಾತಿನಿಂದ ದಾರಿ ತೆರೆಯಿತು. 2024ರ ಡಿಸೆಂಬರ್ 20ರ ಶುಕ್ರವಾರ ಜುಮಾ ನಮಾಝಿನ ನಂತರ ಊರಿನ ಮಸೀದಿಯಲ್ಲಿ ನಿಕಾಹ್. ಅಂಗಳದಲ್ಲಿ ಚಪ್ಪರ ಹಾಕಿ ವರನ ಕಡೆಯವರ ವತಿಯಿಂದ ಎಲ್ಲರಿಗೂ ವಲೀಮಾದ ಊಟ, ಪಟ್ಟಿಯಿಲ್ಲ. 22ರ ಭಾನುವಾರ ಕೊಚ್ಚಿಯಲ್ಲಿ ಮೂರು ಗಂಟೆಗಳ ನೌಕಾಯಾನ, ಎರಡೂ ಮನೆಯಿಂದ ಅರವತ್ತರಂತೆ ನೂರಿಪ್ಪತ್ತು ಜನ. ಹುಡುಗಿಯ ಕಡೆಯ ಅರವತ್ತರಲ್ಲಿ ನಲವತ್ತು ಮಂದಿ ಹೆಂಗಸರೇ ಇರಬೇಕೆಂಬುದು ಅಜ್ಜಿಯ ಷರತ್ತು. ಶಾರ್ಜಾದವರು ಇದನ್ನು ಕೇಳಿ ಬೇಸರಿಸಬಹುದೆಂದು ಎಲ್ಲರೂ ಹೆದರಿದ್ದರು. ವರನ ತಾಯಿ ಫೋನಿನಲ್ಲಿ, "ನನಗೂ ಊರಿನವರನ್ನೆಲ್ಲ ನೋಡಬೇಕಿತ್ತು, ಮಕ್ಕಳ ಉತ್ಸಾಹದ ಮುಂದೆ ಹೇಳಲಾಗಲಿಲ್ಲ" ಎಂದರು.

ಕಡಲಿನ ಬಾಯಲ್ಲಿ

ಶುಕ್ರವಾರದ ನಿಕಾಹ್ ಸುಸೂತ್ರವಾಗಿ ಮುಗಿಯಿತು. ಆ ದಿನ ಹೆಂಗಸರ ಸ್ಥಿತಿ ಎಂದಿನಂತೆಯೇ. ಮುಂಜಾನೆಯಿಂದ ಹಿಂದಿನ ಅಂಗಳದಲ್ಲಿ ಈರುಳ್ಳಿ ಹೆಚ್ಚುವುದು, ಬಂದವರಿಗೆ ಶರಬತ್ತು, ಮಕ್ಕಳಿಗೆ ಊಟ, ಅಳಿಯನ ಕಡೆಯವರಿಗೆ ಬೇರೆ ತಿಂಡಿ. ಮದುಮಗಳ ತಾಯಿ ತನ್ನ ಮಗಳ ಮದುವೆಯ ದಿನ ಊಟ ಮಾಡಿದ್ದು ಸಂಜೆ ಐದು ಗಂಟೆಗೆ, ಅಡುಗೆಮನೆಯ ಹೊಸ್ತಿಲ ಬಳಿ ನಿಂತುಕೊಂಡು.

ಶನಿವಾರ ಸಂಜೆ ಮಂಗಳೂರಿನಿಂದ ಮಲಬಾರ್ ಎಕ್ಸ್‌ಪ್ರೆಸ್ ಹತ್ತಿದೆವು. ಕೊಚ್ಚಿಗೆ 400 ಕಿ.ಮೀ.ಗೂ ಹೆಚ್ಚು ದೂರ. ನೇತ್ರಾವತಿಯ ಸೇತುವೆ ದಾಟುವಾಗ ಅಜ್ಜಿಗೆ ಕಿಟಕಿಯಿಂದ ತೋರಿಸಿ, "ಇದರಲ್ಲಿ ನಮ್ಮ ಕುಮಾರಧಾರೆಯ ನೀರೂ ಇದೆ" ಎಂದೆ. ಅವರು ಕತ್ತಲಿನಲ್ಲಿ ಇಣುಕಿ ನೋಡಿದರು. ನಸುಕಿಗೆ ಎರ್ನಾಕುಲಂ. ಅಲ್ಲೊಂದು ವಸತಿಗೃಹದಲ್ಲಿ ಸ್ನಾನ, ನಮಾಝ್, ವಿಶ್ರಾಂತಿ.

ಕೊಚ್ಚಿಯು ನೀರಿನ ಮೇಲೆಯೇ ಬದುಕುವ ನಗರ. 2023ರ ಏಪ್ರಿಲಿನಿಂದ ಅಲ್ಲಿ ವಾಟರ್ ಮೆಟ್ರೋ ಎಂಬ ಹವಾನಿಯಂತ್ರಿತ ದೋಣಿಗಳು ದ್ವೀಪಗಳ ನಡುವೆ ಬಸ್ಸಿನಂತೆ ಓಡುತ್ತಿವೆ. ಎದುರಿಗೆ ಕಾಣುವ ವಿಲ್ಲಿಂಗ್ಡನ್ ದ್ವೀಪವಂತೂ ಮನುಷ್ಯರು ಮಾಡಿದ್ದು. ಸುಮಾರು ನೂರು ವರ್ಷಗಳ ಹಿಂದೆ ಬಂದರಿಗಾಗಿ ಹೂಳೆತ್ತಿದ ಮಣ್ಣನ್ನು ಹಾಕಿ ಅದನ್ನು ವಿಸ್ತರಿಸಿದರು. ಶಾಂತಿಮೊಗರಿನ ಒಂದು ಸೇತುವೆಗಾಗಿ ಅಷ್ಟು ಕಾಲ ಕಾದ ನಮಗೆ ಇದೆಲ್ಲ ಕಣ್ಣು ತುಂಬುವ ನೋಟವಾಗಿತ್ತು.

ಮಧ್ಯಾಹ್ನ ಮೂರಕ್ಕೆ ನೌಕೆ ಹೊರಟಿತು. ಮೇಲಿನ ಅಟ್ಟ ಹೆಂಗಸರಿಗೆ, ಕೆಳಗಿನ ಸಭಾಂಗಣ ಗಂಡಸರಿಗೆ. ನೌಕೆಯಲ್ಲಿ ಬೆಂಕಿ ಹಚ್ಚುವಂತಿರಲಿಲ್ಲ, ಆದ್ದರಿಂದ ಊಟ, ತಿಂಡಿ ಎಲ್ಲವೂ ದಡದಿಂದ ಡಬ್ಬಗಳಲ್ಲಿ ಬಂದಿತ್ತು. ಹಂಚುವುದಕ್ಕೂ ಅವರದೇ ಜನ ಇದ್ದರು. ಮೊದಲ ಅರ್ಧ ಗಂಟೆ ನಮ್ಮ ಹೆಂಗಸರಿಗೆ ಏನು ಮಾಡಬೇಕೆಂದೇ ತಿಳಿಯಲಿಲ್ಲ. ಒಬ್ಬ ಮಾಮಿ ಎದ್ದು ತಟ್ಟೆ ಜೋಡಿಸಲು ಹೋದರು. ಹುಡುಗನೊಬ್ಬ ಬಂದು ನಯವಾಗಿ, "ಇತ್ತಾ, ಕೂತುಕೊಳ್ಳಿ" ಎಂದು ಮಲಯಾಳದಲ್ಲಿ ಹೇಳಿ ಕಳುಹಿಸಿದ. ಮತ್ತೊಬ್ಬರು ಹೋದರು, ಅವರೂ ಮರಳಿದರು. ಕೊನೆಗೆ ಎಲ್ಲರೂ ಕೂತರು. ಮದುಮಗಳ ತಾಯಿ ಮಗಳ ಪಕ್ಕದಲ್ಲಿ ಕೂತು, ಅವಳ ಅಂಗೈಯ ಮದರಂಗಿಯನ್ನು ನಿಧಾನವಾಗಿ ನೋಡಿದರು. "ಎಷ್ಟು ಚೆನ್ನಾಗಿ ಕೆಂಪೇರಿದೆ! ಆ ದಿನ ನೋಡಲೇ ಇಲ್ಲ" ಎಂದರು.

ಆ ಮಾತು ಕೇಳಿ ನನ್ನ ಎದೆ ಭಾರವಾಯಿತು. ಮದುವೆಯ ಮನೆಯಲ್ಲಿ ಎಲ್ಲ ಕೆಲಸವನ್ನೂ ಮಾಡಿ, ಮದುವೆಯನ್ನೇ ನೋಡದೆ ಉಳಿಯುವ ತಾಯಂದಿರು ನಮ್ಮಲ್ಲಿ ಎಷ್ಟು ಮಂದಿ! ಊರಿಗೆಲ್ಲ ಊಟ ಹಾಕಬೇಕೆಂದು ನಾವು ಸರಿಯಾಗಿಯೇ ಹಟ ಹಿಡಿದಿದ್ದೆವು. ಆದರೆ ಆ ಊಟದ ಹಿಂದೆ ದುಡಿದವರಿಗೆ ಮದುವೆಯಲ್ಲಿ ಒಂದು ಕುರ್ಚಿ ಇದೆಯೇ ಎಂದು ಯಾರೂ ಲೆಕ್ಕ ಹಾಕಿರಲಿಲ್ಲ. ಅದು ಕಾಣಿಸಿದ್ದು ಆ ಮೇಲಟ್ಟದಲ್ಲಿ.

ಅಸರ್ ನಮಾಝಿಗೆ ನೌಕೆ ನಡೆಸುವ ಸ್ರಾಂಕ್‌ರನ್ನು ಕೇಳಿ ದಿಕ್ಸೂಚಿಯಿಂದ ಕಿಬ್ಲಾ ಗುರುತಿಸಿಕೊಂಡೆವು. ಕೊಚ್ಚಿಯಿಂದ ಅದು ಪಶ್ಚಿಮಕ್ಕೆ, ಸ್ವಲ್ಪ ಉತ್ತರಕ್ಕೆ ವಾಲಿದಂತೆ. ನೌಕೆ ತಿರುಗುವಾಗ ದಿಕ್ಕು ಬದಲಾಗುತ್ತದೆಂದು ಸ್ರಾಂಕ್ ತಾವಾಗಿಯೇ ನಾವು ಮುಗಿಸುವವರೆಗೆ ನೇರ ದಾರಿಯಲ್ಲಿ ಸಾಗಿಸಿದರು. ಪ್ರಯಾಣಿಕರಾದ್ದರಿಂದ ಕಸ್ರ್ ಮಾಡಿ ಎರಡೇ ರಕಅತ್. ನಿಲ್ಲಲಾಗದ ಅಜ್ಜಿ ಕುರ್ಚಿಯಲ್ಲೇ ನಿರ್ವಹಿಸಿದರು.

ಫೋರ್ಟ್ ಕೊಚ್ಚಿ ಮತ್ತು ವೈಪಿನ್‌ಗಳ ನಡುವೆ ಹಿನ್ನೀರು ಕಡಲನ್ನು ಸೇರುವ ಬಾಯಿ ಇದೆ. ದಡದಲ್ಲಿ ಚೀನೀ ಬಲೆಗಳು ದೊಡ್ಡ ಹಕ್ಕಿಗಳಂತೆ ತಲೆ ತಗ್ಗಿಸಿ ನಿಂತಿದ್ದವು. ಅದನ್ನು ದಾಟಿದ್ದೇ ನೌಕೆ ಓಲಾಡತೊಡಗಿತು. ಕೆಲವರಿಗೆ ತಲೆ ಸುತ್ತಿತು. ನಿಂಬೆಹಣ್ಣು, ಶುಂಠಿ ಕೈಯಿಂದ ಕೈಗೆ ಓಡಾಡಿದವು. ಇಬ್ಬರು ವಾಂತಿ ಮಾಡಿಕೊಂಡರು, ಮಕ್ಕಳು ನಕ್ಕರು. ಮುಂದೆ ಎಲ್ಲಿ ನೋಡಿದರೂ ನೀರು. ಮದುಮಗಳು ಅಜ್ಜಿಯ ಕೈಹಿಡಿದು ಕಂಬಿಯ ಬಳಿ ನಿಲ್ಲಿಸಿದಳು. ಗಾಳಿಗೆ ಅಜ್ಜಿಯ ತಲೆವಸ್ತ್ರ ಹಾರಾಡಿತು. ಅವರು ಅದನ್ನು ಒಂದು ಕೈಯಿಂದ ಹಿಡಿದುಕೊಂಡು ಬಹಳ ಹೊತ್ತು ನೋಡಿದರು. ಸುಬ್‌ಹಾನಲ್ಲಾಹ್ ಎಂದರು. ಆಮೇಲೆ ಮೊಮ್ಮಗಳಿಗೆ, "ನೀನು ಹೋಗುವುದು ಇದರ ಆಚೆಗಾ?" ಎಂದು ಕೇಳಿದರು. "ಹೌದು" ಎಂದಳು. "ಹಾಗಾದರೆ ನೋಡಿದ್ದು ಒಳ್ಳೆಯದಾಯಿತು. ಇನ್ನು ನೀನು ಎಲ್ಲಿದ್ದೀ ಎಂದು ಎಣಿಸುವಾಗ ನನಗೆ ಗೊತ್ತಾಗುತ್ತದೆ."

ಸೂರ್ಯ ಮುಳುಗುವ ವೇಳೆಗೆ ದಡ ಸೇರಿದೆವು. ಮಗ್ರಿಬ್ ನಮಾಝ್ ನೆಲದ ಮೇಲೆಯೇ ಆಯಿತು.

ಯೋಚಿಸುವವರಿಗೆ ಕೆಲವು ಮಾತು

ನಿಮ್ಮ ಮನೆಯಲ್ಲೂ ಇಂತಹ ಸೂಚನೆ ಬಂದರೆ ಬಂದ ಕೂಡಲೇ ಸಿಟ್ಟಾಗುವುದೂ ಬೇಡ, ಮಾತಿಲ್ಲದೆ ಒಪ್ಪುವುದೂ ಬೇಡ. ನಿಕಾಹನ್ನು ನೋಂದಣಿಗೆ ತೊಡಕಾಗದ ಸ್ಥಳದಲ್ಲಿ ಮಾಡಿಸಿ, ಕಾಗದಗಳನ್ನು ಕೂಡಲೇ ಪಡೆದುಕೊಳ್ಳಿ. ವಲೀಮಾ ಕೊಡುವುದು ವರನ ಜವಾಬ್ದಾರಿ. ಹಡಗಿನ ಹೆಸರಿನಲ್ಲಿ ಅದರ ಭಾರ ವಧುವಿನ ತಂದೆಯ ಮೇಲೆ ಬೀಳದಂತೆ, ಅದು ವರದಕ್ಷಿಣೆಯ ಹೊಸ ರೂಪವಾಗದಂತೆ ಎಚ್ಚರವಹಿಸಿ. ಮಳೆಗಾಲ ಮತ್ತು ಚಂಡಮಾರುತದ ದಿನಗಳನ್ನು ತಪ್ಪಿಸಿ. ಹವಾಮಾನ ಕೆಟ್ಟು ಯಾನ ನಿಂತರೆ ಹಣದ ಗತಿಯೇನೆಂದು ಮೊದಲೇ ಬರವಣಿಗೆಯಲ್ಲಿ ಕೇಳಿಕೊಳ್ಳಿ. ನೌಕೆಯಲ್ಲಿ ಇಷ್ಟೇ ಜನ ಎಂದು ಬರೆದಿದ್ದರೆ ಒಬ್ಬರನ್ನೂ ಹೆಚ್ಚು ಹತ್ತಿಸಬೇಡಿ, ಮಕ್ಕಳನ್ನೂ ಲೆಕ್ಕಕ್ಕೆ ಸೇರಿಸಿ. ಪ್ರತಿಯೊಬ್ಬರಿಗೂ ಜೀವರಕ್ಷಕ ಅಂಗಿ ಇದೆಯೇ ಎಂದು ಕಣ್ಣಾರೆ ನೋಡಿ. ಊಟ ಹಲಾಲ್ ಎಂಬುದನ್ನು ಬಾಯಿಮಾತಿಗೆ ಬಿಡದೆ ತರುವವರನ್ನೇ ಕಂಡು ಮಾತಾಡಿ. ವಯಸ್ಸಾದವರಿಗೆ ಹತ್ತುವ ಏಣಿ ಎಷ್ಟು ಕಡಿದಾಗಿದೆಯೆಂದು ಮುಂಚಿತವಾಗಿ ಹೋಗಿ ನೋಡಿಕೊಂಡು ಬನ್ನಿ.

ಎಲ್ಲಕ್ಕಿಂತ ಮೊದಲು ಹುಡುಗಿಯನ್ನು ಕೇಳಿ. ನಿಕಾಹ್‌ಗೆ ಅವಳ ಒಪ್ಪಿಗೆ ಬೇಕೆಂದು ಕಲಿಸಿದ ದೀನ್ ನಮ್ಮದು. ಅದೇ ನಿಕಾಹ್‌ನ ಸಂಭ್ರಮದ ವಿಷಯದಲ್ಲಿ ಅವಳ ಮಾತು ಕೇಳಲು ನಮಗೆ ಎರಡು ತಿಂಗಳು ಬೇಕಾಯಿತು.

ಇನ್ನೊಂದು ವಿಷಯಕ್ಕೆ ಹಡಗೂ ಬೇಡ, ಕೊಚ್ಚಿಯೂ ಬೇಡ. ಈ ಮದುವೆಯ ನಂತರ ನಮ್ಮ ನೆರೆಯ ನಾಲ್ಕಾರು ಮನೆಗಳ ಹೆಂಗಸರು ಮಾತಾಡಿಕೊಂಡು ಒಂದು ಕ್ರಮ ಮಾಡಿಕೊಂಡಿದ್ದೇವೆ. ಯಾರ ಮನೆಯಲ್ಲಿ ಮದುವೆಯೋ ಆ ಮನೆಯ ತಾಯಿ, ಅಜ್ಜಿ, ಅಕ್ಕತಂಗಿಯರು ಆ ದಿನ ಅಡುಗೆಯ ಕಡೆಗೆ ಹೋಗುವಂತಿಲ್ಲ. ಅವರ ಕೆಲಸವನ್ನು ಉಳಿದವರು ಸರದಿಯಲ್ಲಿ ಮಾಡಬೇಕು, ಬಡಿಸುವುದನ್ನು ಗಂಡುಮಕ್ಕಳು ವಹಿಸಿಕೊಳ್ಳಬೇಕು. ಇದುವರೆಗೆ ಎರಡು ಮದುವೆಗಳು ಹೀಗೆ ನಡೆದಿವೆ. ಎರಡನೆಯದರಲ್ಲಿ ಮದುಮಗಳ ತಾಯಿ ಮೊದಲ ಪಂಕ್ತಿಯಲ್ಲೇ ಮಗಳ ಪಕ್ಕ ಕೂತು ಬಿಸಿ ಬಿರಿಯಾನಿ ಉಂಡರು. ಬಡಿಸುತ್ತಿದ್ದವನು ಅವರ ಸ್ವಂತ ಮಗ.